ಹೊಲ ಮಾರದೆ ಕೃಷಿ ಕಲಿಯುವ ಬಗೆ

ವ್ಯವಸಾಯಗಾರನ ಮನೆಯಿಂದ ಮಗನೋ ಮಗಳೋ ಉನ್ನತ ವ್ಯಾಸಂಗಕ್ಕೆ ಹೊರಡುವ ಸಮಯ ಬಂದಾಗ, ಅದಕ್ಕೆ ಬೇಕಾದ ಹಣವನ್ನು ಎಲ್ಲಿಂದ ತರತಕ್ಕದ್ದು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಹೊಲ ಇದೆಯಲ್ಲ. ವೈದ್ಯವಿದ್ಯೆಗಾಗಿ ಹೊಲ ಮಾರಿದವರುಂಟು, ಎಂಜಿನಿಯರಿಂಗಿಗಾಗಿ ಮಾರಿದವರುಂಟು. ಅವರ ತ್ಯಾಗವನ್ನು ನಾನು ಲಘುವಾಗಿ ಕಾಣಲಾರೆ. ಆದರೆ ಕೃಷಿಯನ್ನೇ ಕಲಿಯುವುದಕ್ಕಾಗಿ ಹೊಲವನ್ನು ಕಳೆದುಕೊಳ್ಳುವುದು, ಯಾವ ವಿದ್ಯೆಯು ಯಾವ ಭೂಮಿಯ ಮೇಲೆ ಫಲಿಸಬೇಕೋ ಆ ಭೂಮಿಯನ್ನೇ ಆ ವಿದ್ಯೆಗೆ ಬೆಲೆಯಾಗಿ ತೆರುವುದು, ಅತ್ಯಂತ ಶೋಚನೀಯವಾದ ವ್ಯಾಪಾರವೆಂದು ನಾನು ದೃಢವಾಗಿ ನಂಬಿದ್ದೇನೆ. ಹಾಗೆ ತೆತ್ತವರು ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಶಾಖೆಗಳಿಗೆ ಬಂದು ನನ್ನೆದುರು ಕುಳಿತು ಲೆಕ್ಕ ಒಪ್ಪಿಸಿದ್ದನ್ನು ಕಂಡವನಾದ್ದರಿಂದ, ಈ ತಿಂಗಳ ಅಂಕಣವನ್ನು ಆ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ನಾನು ಓದಿದ್ದು ಧಾರವಾಡದ ಕೃಷಿ ಕಾಲೇಜಿನಲ್ಲಿ. 1947ರಲ್ಲಿ ಸ್ಥಾಪಿತವಾದ ಆ ಕಾಲೇಜು, ನಾನು ವಿದ್ಯಾರ್ಥಿಯಾಗಿದ್ದ ಕಾಲಕ್ಕೆ, 1964ರಲ್ಲಿ ಹುಟ್ಟಿದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿತ್ತು. 1986ರಲ್ಲಿ ಧಾರವಾಡವೇ ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು. ಬಿ. ಎಚ್. ಕಟರಕಿಯವರು 1972ರಲ್ಲಿ ಅಲ್ಲಿ ಸಿದ್ಧಪಡಿಸಿದ ವರಲಕ್ಷ್ಮೀ ಸಂಕರಣ ಹತ್ತಿಯ ಕೀರ್ತಿ ಆಗ ಎಲ್ಲೆಡೆ ಹಬ್ಬಿತ್ತು. ನಮ್ಮನ್ನು ಸಂಜೆಯ ಹೊತ್ತು ಹತ್ತಿಯ ಸಾಲುಗಳಿಗೆ ಕರೆದೊಯ್ದು, ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಅದರ ದಳಗಳನ್ನು ಸೀಳಿ, ಶಲಾಕೆಗೆ ಗಾಯವಾಗದಂತೆ ಕೇಸರಗಳನ್ನೆಲ್ಲ ತೆಗೆದು, ಕೆಂಪು ಕಾಗದದ ಚೀಟಿಯನ್ನು ಗುರುತಿಗಾಗಿ ಕಟ್ಟಿಸಿ, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಿಸುತ್ತಿದ್ದರು. ಮುಂದೆ ಬ್ಯಾಂಕಿನ ಕೃಷಿ ಅಧಿಕಾರಿಯಾಗಿ ರಾಣೆಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಬೀಜೋತ್ಪಾದನೆಗೆ ಸಾಲ ಕೊಡುವ ಹೊಣೆ ನನ್ನ ಪಾಲಿಗೆ ಬಂದಾಗ, ಒಂದೆಕರೆಗೆ ಎಷ್ಟು ಕೈಯಾಳು ಬೇಕು, ಮಳೆ ಬಿದ್ದ ಬೆಳಿಗ್ಗೆ ಎಷ್ಟು ಹೂವು ವ್ಯರ್ಥವಾದೀತು, ಎಷ್ಟು ಸಾಲ ಕೊಟ್ಟರೆ ರೈತನಿಗೆ ಭಾರವಾಗದು ಎಂಬುದನ್ನು ಯಾವ ಕಡತವೂ ನನಗೆ ಹೇಳಲಿಲ್ಲ. ಆ ಸಂಜೆಗಳಲ್ಲಿ ಪಳಗಿದ ಕೈಯೇ ಹೇಳಿತು. ಕೃಷಿಶಿಕ್ಷಣದ ಗುಣವೆಂದರೆ ನನ್ನ ಮಟ್ಟಿಗೆ ಇದೇ: ವಿದ್ಯಾರ್ಥಿಯ ಕೈಗೆ ಎಷ್ಟು ಮಣ್ಣು ಹತ್ತಿತು, ಎಷ್ಟು ಋತುಗಳ ಬೆಳೆಯನ್ನು ಅವನು ಬಿತ್ತನೆಯಿಂದ ಒಕ್ಕಣೆಯವರೆಗೆ ಕಂಡನು ಎಂಬುದು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗಳು ಪಿಯುಸಿ ಮುಗಿಸಿ ಕೃಷಿಯನ್ನೇ ಓದುವೆನೆಂದು ಹಟ ಹಿಡಿದಾಗ, ಕಾಲೇಜುಗಳನ್ನು ನೋಡಿಬರುವ ಕೆಲಸ ನನ್ನ ಪಾಲಿಗೆ ಬಂದಿತು. ಸರ್ಕಾರದ ಸೀಟು ಸಿಕ್ಕುವುದೋ ಇಲ್ಲವೋ ಎಂಬ ಸಂದೇಹದಲ್ಲಿದ್ದ ತಮ್ಮನು, ನಗರವೊಂದರ ಅಂಚಿನಲ್ಲಿದ್ದ ಖಾಸಗಿ ಕಾಲೇಜಿಗೆ ಮುಂಗಡ ಕಟ್ಟಿಬಿಡಲು ಸಿದ್ಧನಾಗಿದ್ದನು. ಭವ್ಯವಾದ ಕಟ್ಟಡ, ತಂಪಾದ ಸಭಾಂಗಣ, ಬಣ್ಣದ ಪುಸ್ತಿಕೆ, ಯಾವುದಕ್ಕೂ ಕೊರತೆಯಿರಲಿಲ್ಲ. ನಾವು ಕಾಲೇಜಿನ ಜಮೀನನ್ನು ನೋಡಬೇಕೆಂದು ಎಷ್ಟು ಸಲ ಕೇಳಿದರೂ, ಜೊತೆಗೆ ಬಂದವರು ನಮ್ಮನ್ನು ಮತ್ತೊಂದು ಕೋಣೆಗೇ ಕರೆದೊಯ್ಯುತ್ತಿದ್ದರು. ಕೊನೆಗೆ ಹುಡುಗಿಯೇ ನನ್ನ ಕಡೆ ತಿರುಗಿ, "ದೊಡ್ಡಪ್ಪಾ, ಹೊಲ ಎಲ್ಲೈತ್ರಿ ಅಂದ್ರ ಕಂಪ್ಯೂಟರ್ ಖೋಲಿ ತೋರಸ್ತಾರಲ್ರಿ" ಎಂದಳು. ಕಟ್ಟಡದ ಹಿಂದೆ ಕಡೆಗೂ ಕಂಡದ್ದು ಕೆಲವು ಮಡಿಗಳು, ಒಂದು ನೆರಳುಮನೆ, ಕಳೆ ಬೆಳೆದ ಒಂದು ತುಂಡು ನೆಲ. ನಾಲ್ಕು ತಂಡಗಳ ವಿದ್ಯಾರ್ಥಿಗಳು ಅಷ್ಟರಲ್ಲಿ ಏನನ್ನು ಬೆಳೆದಾರು, ಯಾವುದನ್ನು ಕಲಿತಾರು?

ಆ ಸಂಜೆ ನಾವು ಮೂವರೂ ಕುಳಿತು ಲೆಕ್ಕ ಹಾಕಿದೆವು. ಓದುಗರೂ ತಮ್ಮ ಊರಿನ ಅಂಕಿಗಳನ್ನು ಹಾಕಿ ಹಾಗೆಯೇ ಮಾಡಬಹುದು. ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 2 ಲಕ್ಷ ರೂಪಾಯಿ ಬೇಕಾಗುವ ಕಾಲೇಜೆಂದು ಇಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೆ 8 ಲಕ್ಷವನ್ನು ಶೇಕಡಾ 10ರ ಬಡ್ಡಿಗೆ ಬ್ಯಾಂಕಿನಿಂದ ಪಡೆದು, ವ್ಯಾಸಂಗದ ಅವಧಿ ಮತ್ತು ಅನಂತರದ ಒಂದು ವರ್ಷ ಮರುಪಾವತಿಗೆ ಬಿಡುವು ಪಡೆದರೆ, ಆ ಐದು ವರ್ಷಗಳಲ್ಲಿ ಸರಳಬಡ್ಡಿಯೊಂದೇ 2,80,000 ರೂಪಾಯಿ ಬೆಳೆದು ಸಾಲವು 10,80,000 ಆಗುತ್ತದೆ; ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 14,300 ರೂಪಾಯಿಯ ಕಂತು ಕಟ್ಟಬೇಕು. ಅದೇ ವೆಚ್ಚ ವರ್ಷಕ್ಕೆ 60,000 ಆಗಿದ್ದರೆ, ಒಟ್ಟು ಸಾಲ ಬಡ್ಡಿಸಹಿತ 3,24,000, ತಿಂಗಳ ಕಂತು ಸುಮಾರು 4,300. ಪದವಿ ಮುಗಿಸಿದ ತರುಣನು ಮೊದಲ ಕೆಲಸದಲ್ಲಿ ತರುವ ಸಂಬಳದಿಂದ, ಅಥವಾ ತನ್ನದೇ ಹೊಲದ ಹುಟ್ಟುವಳಿಯಿಂದ, ಈ ಎರಡು ಕಂತುಗಳಲ್ಲಿ ಯಾವುದನ್ನು ನೆಮ್ಮದಿಯಿಂದ ತೆರಬಲ್ಲನೆಂಬುದನ್ನು ವಿವರಿಸಬೇಕಾದ್ದಿಲ್ಲ. ತಿಂಗಳ ಸಂಬಳವು ತಪ್ಪದೆ ಬಂದರೂ ಮೊದಲನೆಯ ಕಂತು ಕಠಿಣ; ಮಳೆಯನ್ನು ನಂಬಿದ ಮನೆಗಂತೂ ಅದು ಅಸಾಧ್ಯವೇ ಸರಿ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಬ್ಯಾಂಕುಗಳ ಮಾದರಿ ವಿದ್ಯಾಸಾಲ ಯೋಜನೆಯ ಪ್ರಕಾರ 4 ಲಕ್ಷದವರೆಗಿನ ಸಾಲಕ್ಕೆ ತಂದೆತಾಯಿಗಳ ಸಹಿಯ ಹೊರತು ಬೇರೆ ಭದ್ರತೆ ಬೇಡ, 7.5 ಲಕ್ಷದವರೆಗೂ ಆಸ್ತಿಯ ಒತ್ತೆ ಬೇಡ. ಅದನ್ನು ಮೀರಿದ ಸಾಲಕ್ಕೆ ಆಸ್ತಿಯ ಆಧಾರ ಬೇಕು. ಸಾಗುವಳಿಯ ಭೂಮಿಯನ್ನು ವಿದ್ಯಾಸಾಲಕ್ಕೆ ಒತ್ತೆಯಾಗಿ ಸ್ವೀಕರಿಸಲು ಬ್ಯಾಂಕು ಸಾಮಾನ್ಯವಾಗಿ ಹಿಂಜರಿಯುತ್ತದೆ. ಆಗ ತಂದೆಯಾದವನು ಊರಿನ ಲೇವಾದೇವಿಗಾರನ ಬಳಿಗೆ ಹೋಗುತ್ತಾನೆ, ಇಲ್ಲವೆ ಒಂದೆಕರೆಗೆ ಗಿರಾಕಿಯನ್ನು ಹುಡುಕುತ್ತಾನೆ. ಹೊಲ ಕೈಬಿಟ್ಟುಹೋಗುವ ದಾರಿ ಇದು. ಆದ್ದರಿಂದ 7.5 ಲಕ್ಷದ ಗಡಿಯನ್ನು ದಾಟುವ ಯಾವ ಕಾಲೇಜನ್ನೂ ಕೃಷಿ ಪದವಿಗಾಗಿ ಆರಿಸಿಕೊಳ್ಳಬಾರದೆಂಬುದನ್ನು ನಾನು ನಮ್ಮ ಮನೆಯ ಮಟ್ಟಿಗೆ ನಿಯಮವಾಗಿಯೇ ಇಟ್ಟುಕೊಂಡಿದ್ದೇನೆ.

ವೆಚ್ಚವನ್ನು ಅಳೆದ ತರುವಾಯ ಗುಣವನ್ನು ಅಳೆಯಬೇಕು. ಮೊದಲು ಕೇಳತಕ್ಕದ್ದು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಆ ಸಂಸ್ಥೆಗೆ ಇದೆಯೆ, ಅದರ ಅವಧಿ ಇನ್ನೂ ಉಳಿದಿದೆಯೆ ಎಂಬುದನ್ನು. ಬಾಯಿಮಾತನ್ನು ನಂಬದೆ ಪತ್ರವನ್ನೇ ನೋಡಬೇಕು. ಎರಡನೆಯದು, ಪಠ್ಯಪಟ್ಟಿಯಲ್ಲಿ ಪ್ರತಿಯೊಂದು ವಿಷಯದ ಮುಂದೆ 2+1 ಎಂಬಂತೆ ಬರೆದಿರುವ ಕ್ರೆಡಿಟ್ಟುಗಳಲ್ಲಿ ಆ ಕೊನೆಯ ಒಂದು, ಎಂದರೆ ಪ್ರಾಯೋಗಿಕ ಪಾಠ, ನಿಜವಾಗಿ ಹೊಲದಲ್ಲಿ ನಡೆಯುತ್ತದೆಯೆ ಎಂಬುದು. ಇದನ್ನು ಅಧ್ಯಾಪಕರಿಗಿಂತ ಮೂರನೆಯ ವರ್ಷದ ವಿದ್ಯಾರ್ಥಿಗಳೇ ಯಥಾರ್ಥವಾಗಿ ಹೇಳಬಲ್ಲರು. ಮುಂಗಾರಿನಲ್ಲಿ ನೀವು ಏನು ಬಿತ್ತಿದಿರಿ, ಎಷ್ಟು ಗೊಬ್ಬರ ಹಾಕಿದಿರಿ, ಎಷ್ಟು ಇಳುವರಿ ಬಂತು ಎಂದು ಕೇಳಿನೋಡಿ. ತಡೆಯಿಲ್ಲದೆ ಉತ್ತರ ಬಂದರೆ ಅದು ಒಳ್ಳೆಯ ಕಾಲೇಜು. ಮೂರನೆಯದು, ಅಂತಿಮ ವರ್ಷದ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ವಿದ್ಯಾರ್ಥಿಗಳನ್ನು ಯಾವ ಹಳ್ಳಿಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಇರಿಸುತ್ತಾರೆ ಎಂಬುದು. ನಾಲ್ಕನೆಯದು, ಬೆಳೆಶಾಸ್ತ್ರ, ಮಣ್ಣುವಿಜ್ಞಾನ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ ಇವುಗಳಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ ಎಂಬುದು.

ಈ ಪರೀಕ್ಷೆಗೆ ಒಡ್ಡಿ ನೋಡಿದಾಗ ಸರ್ಕಾರದ ವಿಶ್ವವಿದ್ಯಾನಿಲಯಗಳೇ ಮುಂದೆ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ಹಾಗೂ ತೋಟಗಾರಿಕೆಗಾಗಿ ಬಾಗಲಕೋಟೆ, ಇವುಗಳ ಆಶ್ರಯದ ಕಾಲೇಜುಗಳಲ್ಲಿ ಪಾಠವೂ ಸಂಶೋಧನೆಯೂ ಒಂದೇ ನೆಲದಲ್ಲಿ ಸಾಗುತ್ತವೆ. ಮಂಡ್ಯದ ವಿ. ಸಿ. ಫಾರಂ, ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಹುಟ್ಟಿಸಿದ ನೆಲ. ಇಂದು ಅಲ್ಲಿಯೇ ಕೃಷಿ ಕಾಲೇಜಿದೆ. ಅಂಥ ನೆಲದಲ್ಲಿ ನಡೆದಾಡುವ ಭಾಗ್ಯಕ್ಕೆ ಶುಲ್ಕವು ಕಡಮೆಯಿರುವುದು ನಾಡಿನ ಸುಕೃತ. ರಾಜ್ಯದ ಸಿಇಟಿಯ ಮೂಲಕ ನಡೆಯುವ ಈ ಪ್ರವೇಶದಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕಾಗಿ ಬೀಜ, ಸಸ್ಯ, ಉಪಕರಣಗಳನ್ನು ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆಗೆ ಕೂರಬೇಕು, ವ್ಯವಸಾಯಗಾರರ ಕುಟುಂಬವೆಂಬ ಪ್ರಮಾಣಪತ್ರವನ್ನು ಕಾಲಕ್ಕೆ ಸರಿಯಾಗಿ ಪಡೆದಿರಬೇಕು. ಅರ್ಜಿಯಲ್ಲಿ ಆ ಕೋಟಾವನ್ನು ನಮೂದಿಸದೆ ಸೀಟು ಕಳೆದುಕೊಂಡ ಹಳ್ಳಿಯ ಮಕ್ಕಳನ್ನು ನಾನು ಬಲ್ಲೆ. ಮನೆಯ ಹಿರಿಯರು ಈ ಒಂದು ಸಂಗತಿಯನ್ನು ಮರೆಯದಿದ್ದರೆ ಲಕ್ಷಾಂತರ ರೂಪಾಯಿ ಉಳಿಯುತ್ತದೆ. ನಮ್ಮ ಹುಡುಗಿಗೆ ಆ ಕೋಟಾದಲ್ಲಿಯೇ, ಊರಿಗೆ ದೂರವಾದರೂ, ಸರ್ಕಾರದ ಕಾಲೇಜಿನಲ್ಲಿ ಸೀಟು ದೊರೆಯಿತು. ಬಸ್ಸಿನ ಪ್ರಯಾಣದ ಕಷ್ಟವನ್ನು ಅವಳು ಒಪ್ಪಿಕೊಂಡಳು. ತಮ್ಮನ ಹೊಲದ ಪಹಣಿಯಲ್ಲಿ ಇಂದಿಗೂ ಅವನ ಹೆಸರೇ ಇದೆ.

ಸರ್ಕಾರದ ಸೀಟು ಸಿಕ್ಕದವರ ಗತಿಯೇನು? ಇದಕ್ಕೆ ನನ್ನ ಉತ್ತರ ಅನೇಕರಿಗೆ ರುಚಿಸದಿದ್ದೀತು, ಆದರೂ ಹೇಳಲೇಬೇಕು. ದುಬಾರಿಯಾದ, ಹೊಲವಿಲ್ಲದ ಕಾಲೇಜಿನ ನಾಲ್ಕು ವರ್ಷದ ಪದವಿಗಿಂತ, ಕೃಷಿ ವಿಶ್ವವಿದ್ಯಾನಿಲಯಗಳು ಎಸ್ಸೆಸ್ಸೆಲ್ಸಿಯ ಅನಂತರ ಕನ್ನಡ ಮಾಧ್ಯಮದಲ್ಲಿ ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮ ಉತ್ತಮ. ಬ್ಯಾಂಕಿನ ಕೃಷಿ ಅಧಿಕಾರಿಯಾಗಬೇಕೆನ್ನುವವನಿಗೆ ನಾಲ್ಕು ವರ್ಷದ ಪದವಿಯೇ ಬೇಕೆಂಬುದು ನಿಜ, ಅಂಥವನು ಇನ್ನೊಂದು ವರ್ಷ ಸಿದ್ಧತೆ ಮಾಡಿ ಮತ್ತೆ ಪರೀಕ್ಷೆ ಬರೆಯಲಿ. ತನ್ನ ಜಮೀನಿನಲ್ಲಿಯೇ ಉತ್ಪಾದನೆಯನ್ನು ಹೆಚ್ಚಿಸಿ ಬಾಳಬೇಕೆನ್ನುವವನಿಗೆ, ನರ್ಸರಿಯನ್ನೋ ಬೀಜ ಗೊಬ್ಬರದ ಅಂಗಡಿಯನ್ನೋ ನಡೆಸಬೇಕೆನ್ನುವವನಿಗೆ, ಆ ಡಿಪ್ಲೊಮ ಸಾಕಷ್ಟು ಕೊಡುತ್ತದೆ. ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳೆಂಬ ಹೆಸರಿನಲ್ಲಿ ಕೇಂದ್ರ ಸರ್ಕಾರವು 2002ರಿಂದ ನಡೆಸುತ್ತಿರುವ ಯೋಜನೆಯಲ್ಲಿ ಪದವೀಧರರಂತೆ ಡಿಪ್ಲೊಮ ಪಡೆದವರಿಗೂ ತರಬೇತಿಯುಂಟು. ಅದನ್ನು ಮುಗಿಸಿದ ಒಬ್ಬೊಬ್ಬರೂ 20 ಲಕ್ಷದವರೆಗಿನ ಉದ್ಯಮಕ್ಕೆ ಸಾಲ ಪಡೆದರೆ ಶೇಕಡಾ 36ರ, ಮಹಿಳೆಯರೋ ಪರಿಶಿಷ್ಟರೋ ಆದರೆ ಶೇಕಡಾ 44ರ ಸಹಾಯಧನದ ಅವಕಾಶವಿದೆ. ವಿದ್ಯೆಗಾಗಿ ಸುರಿಯಬೇಕೆಂದಿದ್ದ ಹಣವನ್ನು ಉಳಿಸಿಕೊಂಡವನು ಅದನ್ನು ಇಂಥ ಉದ್ಯಮಕ್ಕೆ ತನ್ನ ಪಾಲಿನ ಬಂಡವಾಳವಾಗಿ ತೊಡಗಿಸಬಹುದು.

ವಿದ್ಯಾರ್ಥಿವೇತನಗಳ ವಿಷಯದಲ್ಲಿಯೂ ಆಲಸ್ಯ ಸಲ್ಲದು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಪ್ರತಿವರ್ಷವೂ ಅರ್ಜಿ ಹಾಕಬೇಕು. ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆಯಿಂದ ಮಂಜೂರಾದ ಹಣವೂ ನಿಂತುಹೋದದ್ದನ್ನು ನಾನು ಕಂಡಿದ್ದೇನೆ. ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷಕ್ಕೆ ಮೀರದ ಕುಟುಂಬಗಳಿಗೆ ವ್ಯಾಸಂಗಾವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯಿದೆ. ಸಾಲ ಪಡೆಯುವ ದಿನವೇ ತಮ್ಮ ಕಾಲೇಜು ಅದಕ್ಕೆ ಅರ್ಹವೇ ಎಂದು ಮ್ಯಾನೇಜರರನ್ನು ಕೇಳಿ, ಆದಾಯ ಪ್ರಮಾಣಪತ್ರವನ್ನು ಅವರ ಕೈಗಿಡಬೇಕು.

ಇಷ್ಟು ಹೇಳಿದ ಮೇಲೆ ಪೋಷಕರಲ್ಲಿ ನನ್ನ ವಿನಂತಿ ಇದು. ಮುಂಗಡ ಹಣವನ್ನು ಕಟ್ಟುವ ಮುನ್ನ ಮಾನ್ಯತೆಯ ಪತ್ರವನ್ನು ಕೈಯಲ್ಲಿ ಹಿಡಿದು ಓದಿರಿ, ಕಾಲೇಜಿನ ಹೊಲದಲ್ಲಿ ಒಂದು ಗಂಟೆ ನಡೆದಾಡಿರಿ, ತಿಂಗಳ ಕಂತನ್ನು ಕಾಗದದ ಮೇಲೆ ಬರೆದು ಮನೆಯವರೆಲ್ಲರಿಗೂ ತೋರಿಸಿರಿ. ಈ ಮೂರರಲ್ಲಿ ಒಂದು ಸಂಶಯಕ್ಕೆ ಎಡೆಗೊಟ್ಟರೂ ಹಣ ಕಟ್ಟದೆ ಹಿಂದಿರುಗಿ ಬನ್ನಿರಿ. ಕೃಷಿ ಕಲಿತು ಬಂದ ಮಗುವಿಗೆ ಉಳಲು ನೆಲವಿರಬೇಕು. ಆ ನೆಲವನ್ನು ಉಳಿಸಿಕೊಟ್ಟ ಶಿಕ್ಷಣವೇ ಅಗ್ಗದ್ದು, ಅದೇ ಒಳ್ಳೆಯದು.