ಬೆಟ್ಟದೊಳಗಿನ ನೀರು

ಕಣಿವೆಯಲ್ಲಿ ಬಾಳುವವನಿಗೆ ಬೆಟ್ಟವೆಂದರೆ ಬೆನ್ನಿಗಿರುವ ಗೋಡೆ. ಅದು ಗಾಳಿಯನ್ನು ತಡೆಯುತ್ತದೆ, ಮಳೆಯನ್ನು ಕರೆಯುತ್ತದೆ, ತೊರೆಗಳನ್ನು ಹರಿಸುತ್ತದೆ. ಅದೇ ತನ್ನ ಮೇಲೆ ಬಂದು ಬಿದ್ದೀತೆಂದು ಅವನು ಕನಸಿನಲ್ಲಿಯೂ ಎಣಿಸುವುದಿಲ್ಲ. ಆದರೆ ಬ್ರಿಟನ್ನಿನ ವೇಲ್ಸ್ ನಾಡಿನ ಅಬರ್‌ವ್ಯಾನ್ ಎಂಬ ಗಣಿಯೂರಿನಲ್ಲಿ 1966ನೆಯ ಇಸವಿ ಅಕ್ಟೋಬರ್ 21ರಂದು ಅಂಥದೇ ನಡೆಯಿತು. ಅಲ್ಲಿ ಕುಸಿದದ್ದು ಪ್ರಕೃತಿ ನಿಲ್ಲಿಸಿದ ಬೆಟ್ಟವಲ್ಲ. ಬೆಟ್ಟದ ಮೇಲೆ ಮನುಷ್ಯನು ಪೇರಿಸಿದ ಇನ್ನೊಂದು ಬೆಟ್ಟ.

ದಕ್ಷಿಣ ವೇಲ್ಸಿನ ಕಣಿವೆಗಳು ಉದ್ದವಾದವು, ಇಕ್ಕಟ್ಟಾದವು. ಟ್ಯಾಫ್ ನದಿಯ ಇಂಥ ಒಂದು ಕಣಿವೆಯಲ್ಲಿ 1869ರಲ್ಲಿ ಕಲ್ಲಿದ್ದಲಿಗಾಗಿ ಬಾವಿ ತೋಡಲಾರಂಭಿಸಿದರು. 1875ರಲ್ಲಿ ಕಲ್ಲಿದ್ದಲು ಮೇಲೆ ಬಂದಿತು. ಅದರ ಸುತ್ತ ಊರು ಬೆಳೆಯಿತು. ಕಲ್ಲಿದ್ದಲಿನೊಡನೆ ಬೇಡವಾದ ಕಲ್ಲು, ಮಣ್ಣು, ಪುಡಿಯೂ ಮೇಲೆ ಬರುತ್ತವೆ. ನದಿ, ರೈಲುಹಾದಿ, ಗಣಿ, ಮನೆಗಳ ಸಾಲು, ಇವಿಷ್ಟಕ್ಕೇ ಕಣಿವೆಯ ತಳ ಸಾಲದಾಗಿರುವಾಗ ಕಸಕ್ಕೆ ಜಾಗವೆಲ್ಲಿ? ಅದನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ಸುರಿದರು. 1966ರ ವೇಳೆಗೆ ಊರಿನ ನೆತ್ತಿಯ ಮೇಲೆ ಅಂಥ ಏಳು ರಾಶಿಗಳಿದ್ದವು.

ಈಗ ಆ ನಾಡಿನ ಹವೆಯನ್ನು ನೋಡೋಣ. ಅಟ್ಲಾಂಟಿಕ್ ಸಾಗರದಿಂದ ಬೀಸುವ ತೇವದ ಗಾಳಿ ಬೆಟ್ಟಗಳನ್ನೇರುವಾಗ ತಂಪಾಗಿ ಮಳೆಗರೆಯುತ್ತದೆ. ಅಬರ್‌ವ್ಯಾನಿನಲ್ಲಿ ವರ್ಷಕ್ಕೆ ಸುಮಾರು 1500 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಯ ಮಳೆಯ ಮುಂದೆ ಇದು ಅಲ್ಪವೇ. ಆದರೆ ಅಲ್ಲಿ ಮಳೆಗೆ ನಮ್ಮಲ್ಲಿರುವಂತೆ ದೀರ್ಘವಾದ ಬಿಡುವಿಲ್ಲ. ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಬೀಳುತ್ತದೆ. ಚಳಿಯ ದೆಸೆಯಿಂದ ನೀರು ಆವಿಯಾಗುವುದೂ ಕಡಮೆ. ಆದುದರಿಂದ ನೆಲದ ತೇವ ಸುಲಭವಾಗಿ ಆರುವುದಿಲ್ಲ.

ಇನ್ನು ನೆಲದ ಗುಣ. ಆ ಬೆಟ್ಟದ ಮೇಲ್ಭಾಗ ಬಿರುಕುಗಳಿಂದ ಕೂಡಿದ ಮರಳುಗಲ್ಲು. ಬಿದ್ದ ಮಳೆ ಅದರೊಳಗೆ ಇಂಗುತ್ತದೆ. ಕೆಳಗಿನ ಇಳಿಜಾರಿನಲ್ಲಿ ಹಾಸಿರುವ ಜೇಡಿಮಣ್ಣು ಅಷ್ಟು ಸುಲಭವಾಗಿ ನೀರನ್ನು ಬಿಡುವುದಿಲ್ಲ. ಹೀಗಾಗಿ ಒಳಗಿನ ನೀರು ಅಲ್ಲಲ್ಲಿ ಒರತೆಯಾಗಿ ಹೊರಗೆ ಚಿಮ್ಮುತ್ತದೆ. ಈ ಒರತೆಗಳನ್ನೂ ತೊರೆಗಳನ್ನೂ ಊರಿನವರು ಬಲ್ಲವರಾಗಿದ್ದರು. ಸರ್ಕಾರದ ನಕ್ಷೆಗಳಲ್ಲಿಯೂ ಅವನ್ನು ಗುರುತಿಸಲಾಗಿತ್ತು. ಆದರೂ 1958ರಲ್ಲಿ ಏಳನೆಯ ರಾಶಿಯನ್ನು ಅಂಥ ಒರತೆಯ ಮೇಲೆಯೇ ತೊಡಗಿದರು. ಕಲ್ಲಿದ್ದಲನ್ನು ತೊಳೆದು ಉಳಿದ ನುಣ್ಣನೆಯ ಪುಡಿಯನ್ನೂ ಅಲ್ಲಿಯೇ ಸುರಿದರು.

ಒಣಗಿದ ರಾಶಿಯೊಂದು ನಿಲ್ಲುವುದು ಕಣಕ್ಕೆ ಕಣ ಒತ್ತಿ ಹಿಡಿದಿರುವುದರಿಂದ. ಕಣಗಳ ನಡುವಿನ ಎಡೆಯಲ್ಲಿ ನೀರು ತುಂಬಿದರೆ ಅದರ ಒತ್ತಡ ಕಣಗಳನ್ನು ಬೇರ್ಪಡಿಸುತ್ತದೆ, ಹಿಡಿತ ಸಡಿಲುತ್ತದೆ. ಆಗ ಗಟ್ಟಿಯಾಗಿ ಕಾಣುತ್ತಿದ್ದ ಮಣ್ಣು ನೀರಿನಂತೆ ಹರಿಯತೊಡಗುತ್ತದೆ. ಇದರ ಮುನ್ಸೂಚನೆಗಳು ಇಲ್ಲದಿರಲಿಲ್ಲ. 1944ರಲ್ಲಿ ಹಳೆಯ ರಾಶಿಯೊಂದು ಜಾರಿತ್ತು. 1963ರಲ್ಲಿ ಏಳನೆಯ ರಾಶಿಯೇ ಜಾರಿತ್ತು. ಶಾಲೆಯ ಹಿಂಬದಿಯಲ್ಲಿ ಅಪಾಯವಿದೆಯೆಂದು ಪುರಸಭೆಯ ಎಂಜಿನಿಯರರು ಅದೇ ವರ್ಷ ಪತ್ರ ಬರೆದಿದ್ದರು. ಕಾಗದಗಳು ಓಡಾಡಿದವು; ರಾಶಿ ಮಾತ್ರ ಬೆಳೆಯುತ್ತಲೇ ಹೋಯಿತು.

1966ರ ಅಕ್ಟೋಬರ್ ತಿಂಗಳ ಮೊದಲ ಮೂರು ವಾರಗಳಲ್ಲಿ ಸುಮಾರು 170 ಮಿಲಿಮೀಟರ್ ಮಳೆಯಾಯಿತು. 21ರ ಬೆಳಗ್ಗೆ ಕೆಲಸಗಾರರು ಮೇಲೆ ಹೋದಾಗ ರಾಶಿಯ ನೆತ್ತಿ ಹಲವು ಅಡಿ ಕುಸಿದಿತ್ತು. ಬೆಟ್ಟದ ಮೇಲೆ ಬಿಸಿಲಿತ್ತು. ಕೆಳಗಿನ ಕಣಿವೆಯಲ್ಲಿ ದಟ್ಟವಾದ ಮಂಜು. ಶರತ್ಕಾಲದ ರಾತ್ರಿಗಳಲ್ಲಿ ತಂಪಾದ ಗಾಳಿ ಭಾರವಾಗಿ ಕಣಿವೆಯ ತಳಕ್ಕಿಳಿದು ನಿಲ್ಲುವುದರಿಂದ ಹೀಗೆ ಮಂಜು ಕವಿಯುತ್ತದೆ. ಮೇಲಿನವರಿಗೆ ಊರು ಕಾಣದು. ಊರಿನವರಿಗೆ ಬೆಟ್ಟ ಕಾಣದು. ಪಾಂಟ್‌ಗ್ಲಾಸ್ ಶಾಲೆಯ ಮಕ್ಕಳು ಆಗತಾನೆ ತರಗತಿಗಳಲ್ಲಿ ಕುಳಿತಿದ್ದರು. ಮರುದಿನದಿಂದ ಅವರಿಗೆ ರಜೆ. ಒಂಬತ್ತೂಕಾಲು ಗಂಟೆಯ ಹೊತ್ತಿಗೆ ಗುಡುಗಿನಂಥ ಸದ್ದು ಕೇಳಿಸಿತು. ಕಪ್ಪು ಕೆಸರಿನ ಪ್ರವಾಹ ಮಂಜನ್ನು ಸೀಳಿಕೊಂಡು ಬಂದು ಶಾಲೆಯನ್ನೂ ಪಕ್ಕದ ಮನೆಗಳನ್ನೂ ಮುಚ್ಚಿತು. ಗಣಿಯ ಕೆಲಸಗಾರರು ಓಡಿಬಂದು ತಮ್ಮ ಮಕ್ಕಳಿಗಾಗಿ ಅಗೆದರು. ಹನ್ನೊಂದು ಗಂಟೆಯ ಅನಂತರ ಜೀವಸಹಿತ ಯಾರೊಬ್ಬರೂ ಸಿಗಲಿಲ್ಲ. ಮಡಿದವರು 144 ಮಂದಿ. ಅವರಲ್ಲಿ 116 ಮಂದಿ ಮಕ್ಕಳು.

ಒರತೆಯ ವಿಷಯ ತಿಳಿದಿರಲಿಲ್ಲವೆಂದು ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರು ಮೊದಲು ಹೇಳಿದರು. ನ್ಯಾಯಾಧೀಶ ಎಡ್ಮಂಡ್ ಡೇವಿಸರ ವಿಚಾರಣಾ ಮಂಡಳಿ 76 ದಿನ ಸಾಕ್ಷ್ಯಗಳನ್ನು ಕೇಳಿ, 1967ರಲ್ಲಿ ಕಲ್ಲಿದ್ದಲು ಮಂಡಳಿಯನ್ನೇ ಹೊಣೆ ಮಾಡಿತು. ಇದು ದುಷ್ಟತನದ ಫಲವಲ್ಲ, ಅಜ್ಞಾನದ ಮತ್ತು ಅಸಡ್ಡೆಯ ಫಲವೆಂಬುದು ಅದರ ತೀರ್ಮಾನದ ಸಾರ. ಆದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಉಳಿದ ರಾಶಿಗಳನ್ನು ತೆಗೆಸುವ ವೆಚ್ಚಕ್ಕೆ ನೊಂದವರ ಸಹಾಯನಿಧಿಯಿಂದಲೇ 1,50,000 ಪೌಂಡುಗಳನ್ನು ಪಡೆದುಕೊಂಡರು. ಆ ಹಣ ನಿಧಿಗೆ ಮರಳಿದ್ದು 1997ರಲ್ಲಿ. 1969ರಲ್ಲಿ ಗಣಿರಾಶಿಗಳ ಭದ್ರತೆಗಾಗಿ ಕಾನೂನು ಬಂದಿತು. ಶಾಲೆಯಿದ್ದ ಜಾಗದಲ್ಲಿ ಇಂದು ಒಂದು ಸ್ಮಾರಕ ಉದ್ಯಾನವಿದೆ.

2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಬೆಟ್ಟಗಳು ಕುಸಿದವು. ಅಲ್ಲಿ ಕಲ್ಲಿದ್ದಲಿರಲಿಲ್ಲ, ಆದರೆ ನೀರು ತುಂಬಿದ ಮಣ್ಣಿನ ನಿಯಮ ಎಲ್ಲೆಡೆಯೂ ಒಂದೇ. ನೀರಿಗೆ ತನ್ನದೇ ಆದ ದಾರಿಯುಂಟು. ಅದನ್ನು ಮುಚ್ಚಿದರೆ ನೀರು ಸುಮ್ಮನಿರುವುದಿಲ್ಲ. ಕಾದಿದ್ದು ಇನ್ನೊಂದು ದಾರಿಯನ್ನು ಮಾಡಿಕೊಳ್ಳುತ್ತದೆ. ಎಲ್ಲಿ ಒರತೆಯಿದೆಯೆಂಬುದನ್ನು ಊರಿನ ಹಿರಿಯರು ಬಲ್ಲರು, ದನ ಕಾಯುವ ಹುಡುಗರು ಬಲ್ಲರು. ಕಟ್ಟುವ ಮೊದಲು, ಸುರಿಯುವ ಮೊದಲು, ಅವರನ್ನು ಒಂದು ಮಾತು ಕೇಳುವ ವಿನಯ ಬಲ್ಲವರಿಗಿರಬೇಕು. ಅಬರ್‌ವ್ಯಾನಿನ ಮಕ್ಕಳು ಲೋಕಕ್ಕೆ ಕಲಿಸಿ ಹೋದ ಪಾಠವಿದು.

ಅಭ್ಯಾಸ

1. ಗಣಿಯ ಕಸವನ್ನು ಬೆಟ್ಟದ ಮೇಲೆ ಸುರಿಯಲು ಕಾರಣವೇನು?
2. ನೀರು ತುಂಬಿದ ರಾಶಿ ಹರಿಯತೊಡಗುವುದೇಕೆ? ನಿಮ್ಮ ಮಾತುಗಳಲ್ಲಿ ವಿವರಿಸಿರಿ.
3. ‘ಕಾಗದಗಳು ಓಡಾಡಿದವು, ರಾಶಿ ಮಾತ್ರ ಬೆಳೆಯುತ್ತಲೇ ಹೋಯಿತು’ – ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.
4. ನಿಮ್ಮ ಊರಿನ ಒರತೆ, ಹಳ್ಳ, ಕೆರೆಗಳ ವಿಷಯವನ್ನು ಹಿರಿಯರಿಂದ ಕೇಳಿ ಒಂದು ಪ್ರಬಂಧ ಬರೆಯಿರಿ.