ಎದೆಯ ಎಕ್ಸ್-ರೇ ಚಿತ್ರದಲ್ಲಿ ರೋಗಿಯ ಅಲುಗಾಟವನ್ನು ಗುರುತಿಸುವ ಬಗೆ

ಕ್ಷಯಮುಕ್ತ ಪಂಚಾಯತಿ ಅಭಿಯಾನವು 2023ರ ಮಾರ್ಚ್ 24ರಂದು ಆರಂಭವಾದ ತರುವಾಯ ತಪಾಸಣಾ ಶಿಬಿರಗಳಿಗೆ ಜನರನ್ನು ಕರೆತರುವಲ್ಲಿ ಸದಸ್ಯರ ಪಾತ್ರ ಹಿರಿದಾಗಿದೆ. ಶಿಬಿರಕ್ಕೆ ಎಷ್ಟು ಮಂದಿ ಬಂದರೆಂಬ ಲೆಕ್ಕವನ್ನು ನಾವೆಲ್ಲರೂ ಇಡುತ್ತೇವೆ; ತೆಗೆದ ಎಕ್ಸ್-ರೇ ಚಿತ್ರಗಳಲ್ಲಿ ಎಷ್ಟು ಓದಲು ಯೋಗ್ಯವಾಗಿದ್ದವು ಎಂದು ಕೇಳುವವರು ವಿರಳ. ಚಿತ್ರ ಕೆಡಲು ಇರುವ ಕಾರಣಗಳಲ್ಲಿ ರೋಗಿಯ ಅಲುಗಾಟವೂ ಒಂದು.

ಕಿರಣ ಹಾಯುವ ಅವಧಿಯಲ್ಲಿ ದೇಹ ಚಲಿಸಿದರೆ ಅಂಚುಗಳು ಮಸುಕಾಗುತ್ತವೆ. ಚಲನೆಯ ವೇಗವನ್ನು ಆ ಅವಧಿಯಿಂದ ಗುಣಿಸಿದರೆ ಮಸುಕಿನ ಅಗಲ ತಿಳಿಯುತ್ತದೆ. ಉಸಿರಾಟದಿಂದ ಶ್ವಾಸಕೋಶದ ಕೆಳಭಾಗವು ಸೆಕೆಂಡಿಗೆ 10 ಮಿಲಿಮೀಟರ್ ಸರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಆಸ್ಪತ್ರೆಯ ದೊಡ್ಡ ಯಂತ್ರವು 0.02 ಸೆಕೆಂಡಿನಲ್ಲಿ ಚಿತ್ರ ತೆಗೆದರೆ ಮಸುಕು 0.2 ಮಿಲಿಮೀಟರ್. ಶಿಬಿರಕ್ಕೆ ತರುವ ಕೈಯಂತ್ರದ ಸಾಮರ್ಥ್ಯ ಕಡಿಮೆಯಾದ್ದರಿಂದ ಅಷ್ಟೇ ಕಿರಣಕ್ಕೆ ಹೆಚ್ಚು ಸಮಯ ಬೇಕು, ಅದು 0.2 ಸೆಕೆಂಡಾದರೆ ಮಸುಕು 2 ಮಿಲಿಮೀಟರ್ ಆಗುತ್ತದೆ. ಮಿಲಿಯರಿ ಕ್ಷಯದ ಚುಕ್ಕೆಗಳ ಗಾತ್ರವೇ ಸುಮಾರು 1ರಿಂದ 3 ಮಿಲಿಮೀಟರ್. (ಆ ಹೆಸರು ಬಂದದ್ದೇ ಸಿರಿಧಾನ್ಯದ ಕಾಳಿನ ಹೋಲಿಕೆಯಿಂದ.) ಅಂತಹ ಚುಕ್ಕೆಗಳು ಮಸುಕಿನಲ್ಲಿ ಕರಗಿಹೋದರೆ ರೋಗವಿದ್ದವರೂ ನಿರೋಗಿಗಳೆಂದು ಮನೆಗೆ ಮರಳಬಹುದು.

ಮಸುಕು ಎಲ್ಲಿದೆ ಎಂಬುದರಿಂದಲೇ ಕಾರಣವನ್ನು ಊಹಿಸಬಹುದು. ಪಕ್ಕೆಲುಬುಗಳ ಮೇಲ್ಭಾಗ ಸ್ಪಷ್ಟವಾಗಿದ್ದು, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಗೆರೆ ಮಾತ್ರ ಮಸುಕಾಗಿದ್ದರೆ ರೋಗಿ ಉಸಿರು ಹಿಡಿದಿರಲಿಲ್ಲ. ಎಲುಬುಗಳೂ ಸೇರಿ ಎಲ್ಲವೂ ಒಂದೇ ದಿಕ್ಕಿನಲ್ಲಿ ಹರಡಿದ್ದರೆ ದೇಹ ವಾಲಿದೆ, ಇಲ್ಲವೇ ಯಂತ್ರವೇ ಅಲುಗಿದೆ. ಹೃದಯದ ಎಡ ಅಂಚಿನ ತುಸು ಮಸುಕು ಬಡಿತದ್ದು. ಅದಕ್ಕಾಗಿ ಮರುಚಿತ್ರ ಬೇಕಿಲ್ಲ. ಸಿ.ಟಿ. ಯಂತ್ರದಲ್ಲಿ ಈ ಕೆಲಸವನ್ನು ಗಣಕವೂ ಮಾಡಬಲ್ಲದು: ದೇಹವನ್ನು ಎದುರುಬದುರು ದಿಕ್ಕುಗಳಿಂದ ನೋಡಿದಾಗ ದೊರೆಯುವ ಮಾಹಿತಿ ಪರಸ್ಪರ ಹೊಂದದಿದ್ದರೆ ನಡುವೆ ಚಲನೆಯಾಗಿದೆ ಎಂದರ್ಥ.

ಮರುಚಿತ್ರವೆಂದರೆ ಜನ ಹೆದರುವುದುಂಟು. ಎದೆಯ ಒಂದು ಎಕ್ಸ್-ರೇಯ ವಿಕಿರಣ ಸಾಮಾನ್ಯವಾಗಿ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ತಂತ್ರಜ್ಞರು ಅಗತ್ಯವೆಂದರೆ ಎರಡನೆಯ ಚಿತ್ರಕ್ಕೆ ಹಿಂಜರಿಯಬೇಕಿಲ್ಲ. ಗರ್ಭಿಣಿಯರು ಮಾತ್ರ ಮೊದಲೇ ತಿಳಿಸತಕ್ಕದ್ದು.

ಸದಸ್ಯರು ಮಾಡಬಹುದಾದ ಕೆಲಸ ಸರತಿ ಸಾಲಿನಲ್ಲಿದೆ. "ಉಸಿರು ಎಳೆದುಕೊಳ್ಳಿ, ಹಿಡಿಯಿರಿ" ಎಂಬುದನ್ನು ಯಂತ್ರದ ಮುಂದೆ ಮೊದಲ ಬಾರಿ ಕೇಳಿದ ವೃದ್ಧರು ತಬ್ಬಿಬ್ಬಾಗುತ್ತಾರೆ. ಕಾಯುವಾಗಲೇ, ಅವರ ಮನೆಮಾತಿನಲ್ಲಿ, ಎರಡು ಬಾರಿ ಅಭ್ಯಾಸ ಮಾಡಿಸಿರಿ. ಕೆಮ್ಮುತ್ತಿರುವವರಿಗೆ ಮುಖಗವಸು ಕೊಟ್ಟು, ಕೆಮ್ಮು ತಗ್ಗಿದ ಮೇಲೆ ಕಳುಹಿಸಿರಿ. ನಿಲ್ಲಲಾಗದವರಿಗೆ ಅಲುಗದ ಆಸನ ಸಿದ್ಧವಿರಲಿ. ಪ್ಲಾಸ್ಟಿಕ್ ಕುರ್ಚಿ ಇದಕ್ಕೆ ಒದಗದು. ಡಿಜಿಟಲ್ ಚಿತ್ರ ಕೆಲವೇ ಕ್ಷಣಗಳಲ್ಲಿ ಪರದೆಗೆ ಬರುವುದರಿಂದ, ತಂತ್ರಜ್ಞರು ಅದನ್ನು ನೋಡಿ ಒಪ್ಪುವವರೆಗೆ ಯಾರನ್ನೂ ಮನೆಗೆ ಕಳುಹಿಸಬಾರದು.