ಪಡೆಯ ನೀಳಚಿತ್ರಗಳ ಸಂರಕ್ಷಣೆ

1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಜಯಿಸಿದ ಅಶ್ವಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದೆಂಬುದು ನಾಡಿಗೆ ತಿಳಿದ ಸಂಗತಿ. ಆ ಕಾಲದಲ್ಲಿ ಪಡೆಗಳನ್ನು ಸಾಲಾಗಿ ನಿಲ್ಲಿಸಿ, 1904ರಲ್ಲಿ ಪೇಟೆಂಟ್ ಪಡೆದ ಸರ್ಕಟ್ ಮೊದಲಾದ ತಿರುಗುವ ಕ್ಯಾಮೆರಾಗಳಿಂದ ನೀಳಚಿತ್ರ ತೆಗೆಯುವ ರೂಢಿ ಹೊರದೇಶಗಳಲ್ಲಿತ್ತು. ಅಂಥ ಸುರುಳಿಯೊಂದು ನಮ್ಮ ಬೋಗಾದಿಯ ಯಾವ ಮನೆಯ ಅಟ್ಟದಲ್ಲಿ ದೊರೆತರೂ ಬಲವಂತದಿಂದ ಬಿಚ್ಚಲಾಗದು. ಒಣಗಿದ ಜೆಲಟಿನ್ ಲೇಪ ಬಿರಿದು ಮುಖಗಳೇ ಉದುರುವುವು. ಮುಚ್ಚಿದ ಪೆಟ್ಟಿಗೆಯೊಳಗೆ, ನೀರು ತಾಗದಂತೆ, ಕೆಲವು ಗಂಟೆ ತೇವದ ಗಾಳಿಯಲ್ಲಿರಿಸಿ, ಮೆತ್ತಗಾದ ಮೇಲೆ ಮೆಲ್ಲನೆ ಹರಡಿ, ಅಂಟಿಕೊಳ್ಳದ ತೆಳು ಪಾಲಿಯೆಸ್ಟರ್ ಹೊದಿಸಿ, ಬ್ಲಾಟಿಂಗ್ ಕಾಗದಗಳ ನಡುವೆ ಆರಿಸತಕ್ಕದ್ದು. ಗಾಜು ಚಿತ್ರಕ್ಕೆ ತಾಗದಂತೆ ಆಮ್ಲರಹಿತ ರಟ್ಟಿನ ಅಂತರವಿರಬೇಕು. ಚೌಕಟ್ಟಿಗೆ ಹೊಂದಲಿಲ್ಲವೆಂದು ಅಂಚನ್ನು ಕತ್ತರಿಸುವುದಂತೂ ಅಕ್ಷಮ್ಯ. ಅಧಿಕಾರಿಗಳು ನಡುವೆ ಕೂರುವುದು ವಾಡಿಕೆ. ಅಂಚಿಗೆ ನಿಂತವನು ಸಾಮಾನ್ಯ ಸವಾರ, ಬಹುಶಃ ಅವನಿಗೆ ಬೇರೊಂದು ಚಿತ್ರವೇ ಇರಲಾರದು. ಹಿಂಬದಿಯ ಬರಹವನ್ನೂ ಮೊದಲೇ ನಕಲು ಮಾಡಿಕೊಳ್ಳುವುದು ಲೇಸು.